ಅಜ್ಜಿಯ ಮಾತಿನ ಐದು ತುಂಡುಗಳು

ಕಳೆದ ವಾರ ದೊಡ್ಡಬಳ್ಳಾಪುರದಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗ ಒಂದು ವಾಸನೆ ಮೂಗಿಗೆ ಬಡಿಯಿತು. ನೆನೆದು ಒಣಗಿದ ರಟ್ಟಿನ ವಾಸನೆ, ಅದರ ಜೊತೆ ಮಗ್ಗಕ್ಕೆ ಬಿಡುವ ಎಣ್ಣೆಯದ್ದು. ತಿರುಗಿ ನೋಡಿದರೆ ಜಕಾರ್ಡ್ ಕಾರ್ಡುಗಳ ದೊಡ್ಡದೊಂದು ಕಟ್ಟು ಹಳೇ ಫ್ಯಾನುಗಳ ಮತ್ತು ಒಡೆದ ಬಕೆಟ್ಟುಗಳ ನಡುವೆ ಬಿದ್ದಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು "ಏನ್ ಬೇಕಿತ್ತಕ್ಕಾ?" ಅಂದ. ಏನೂ ಬೇಕಿರಲಿಲ್ಲ. ನಮ್ಮ ಎದುರುಮನೆಯ ಮಾವ ನೆನಪಾಗಿದ್ದರು, ಅಷ್ಟೇ.

ಮಾವ ಅಂದರೆ ಸ್ವಂತ ಮಾವ ಅಲ್ಲ. ಅಮ್ಮ ಅವರನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನಮಗೆ ಮಾವ. ಅವರ ಹೆಂಡತಿ ಅತ್ತೆ. ಅವರ ಕಸುಬು ಜಕಾರ್ಡಿಗೆ ಕಾರ್ಡ್ ಹೊಡೆಯುವುದು. ಸೀರೆಯ ಅಂಚಿನಲ್ಲಿ ನವಿಲೋ ಮಾವಿನಕಾಯಿಯೋ ಬರಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಕೂರಿಸಿ, ತೂತು ಹೊಡೆದ ರಟ್ಟಿನ ಕಾರ್ಡುಗಳ ಸರವನ್ನು ಅದಕ್ಕೆ ಹಾಕುತ್ತಾರೆ. ಯಾವ ದಾರ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಅನ್ನುವುದನ್ನು ಆ ತೂತುಗಳು ಹೇಳುತ್ತವೆ. ಒಂದು ನವಿಲಿಗೆ ನೂರಾರು ಕಾರ್ಡು ಬೇಕು. ಒಂದು ಹಿಂದುಮುಂದಾದರೂ ನವಿಲಿನ ಕುತ್ತಿಗೆ ಮುರಿದ ಹಾಗೆ ಕಾಣುತ್ತದೆ. ಮಾವ ಪ್ರತಿ ಕಾರ್ಡಿನ ಮೂಲೆಯಲ್ಲೂ ತಮ್ಮ ಕೈಯಿಂದಲೇ ನಂಬರ್ ಬರೆಯುತ್ತಿದ್ದರು. ದಾರದಲ್ಲಿ ಹೆಣೆದ ಮೇಲೆ ಕಣ್ಣು ಮುಚ್ಚಿ, ಬೆರಳಿನಿಂದ ತೂತುಗಳನ್ನು ಮುಟ್ಟಿ ಮುಟ್ಟಿ ಇನ್ನೊಂದು ಸಲ ನೋಡುತ್ತಿದ್ದರು. ಅವರು ಹೆಣೆದ ಸರದಲ್ಲಿ ಕಾರ್ಡು ತಪ್ಪಿದೆ ಅಂತ ಯಾವ ನೇಕಾರನೂ ಅವರ ಬಾಗಿಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಇರಬೇಕಾದದ್ದೇ.

ನಾನು ಹೇಳುತ್ತಿರುವುದು ವಿಮಾನ ನಿಲ್ದಾಣ ಬರುತ್ತದೆ, ಬರುತ್ತದೆ ಅಂತ ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ವರ್ಷಗಳ ಮಾತು. ದೇವನಹಳ್ಳಿ ಕಡೆ ಜೆಸಿಬಿಗಳು ಬಂದಿದ್ದವು. ಬೂದಿಗೆರೆ ಕಡೆ ರಾಗಿ ಹೊಲದ ನಡುವೆ ಬಡಾವಣೆಗಳ ಬೋರ್ಡುಗಳು ಎದ್ದಿದ್ದವು. ನಮ್ಮೂರಲ್ಲಿ ಸೀರೆಯ ಡಿಸೈನುಗಳು ಕಂಪ್ಯೂಟರಿಗೆ ಹೋಗತೊಡಗಿದ್ದವು. ಕಾರ್ಡ್ ಹೊಡೆಯುವ ಕೆಲಸ ಕಡಿಮೆಯಾದಾಗ ಮಾವ ಹಠಕ್ಕೆ ಬಿದ್ದವರಂತೆ ಎಲ್ಲಿಂದಲೋ ಒಂದು ಹಳೇ ಕಂಪ್ಯೂಟರ್ ತಂದರು, ಡಿಸೈನ್ ಕಲಿಯುತ್ತೇನೆ ಅಂತ. ಡಿಸೈನ್ ಕಲಿತರೋ ಬಿಟ್ಟರೋ, ಅದರೊಳಗೆ ಟಿವಿ ಹಿಡಿಯುವ ಕಾರ್ಡೊಂದನ್ನು ಹಾಕಿಸಿ, ಕೇಬಲ್ ಸಿಕ್ಕಿಸಿ, ಟಿವಿಯಲ್ಲಿ ಬಂದದ್ದನ್ನೆಲ್ಲ ರೆಕಾರ್ಡ್ ಮಾಡಲು ಶುರು ಮಾಡಿದರು. ಪಿಯುಸಿ ಆದ ಮೇಲೆ ನಾನು ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಆಗ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಮೊದಲ ಶಿಫ್ಟು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಎದುರುಬಾಗಿಲಿನಿಂದ ಕರೆ ಬರುತ್ತಿತ್ತು. "ಮೇಡಮ್ಮೋರೇ, ಒಂದ್ ನಿಮಿಷ ಬಂದು ಹೋಗಿ!"

ಅವರಿಗೆ ಟಿವಿ ನೋಡುವ ಹುಚ್ಚು ಇರಲಿಲ್ಲ. ಜಾಹೀರಾತು ಕತ್ತರಿಸುವ ಹುಚ್ಚು. ಬೀದಿಯ ಹೆಂಗಸರೆಲ್ಲ ಒಂದಲ್ಲ ಒಂದು ಮಗ್ಗದ ಶೆಡ್ಡಿನಲ್ಲೋ ಕಾರ್ಖಾನೆಯಲ್ಲೋ ಇರುತ್ತಿದ್ದರು, ಸೀರಿಯಲ್ ತಪ್ಪಿಹೋಗುತ್ತಿತ್ತು. ಮಾವ ಅವನ್ನು ರೆಕಾರ್ಡ್ ಮಾಡಿ, ಸೋಪು ಶಾಂಪೂಗಳನ್ನೆಲ್ಲ ಕಿತ್ತುಹಾಕಿ, ವಾರದ ಕಂತುಗಳನ್ನು ಸಿಡಿಯಲ್ಲಿ ಹಾಕಿ ಕೊಡುತ್ತಿದ್ದರು. "ಈ ಮನುಷ್ಯನಿಗೆ ನೋಡೋಕ್ಕಿಂತ ಕತ್ತರಿಸೋದೇ ಇಷ್ಟ, ನನ್ ಮಾತನ್ನೂ ಅರ್ಧಕ್ಕೇ ಕತ್ತರಿಸ್ತಾರೆ" ಅಂತ ಅತ್ತೆ ನಗುತ್ತಿದ್ದರು.

ಅವರಿಗೆ ಇಂಡೆಕ್ಸ್ ಫೈಲಿನ ಪರಿಚಯ ಮಾಡಿಸಿದ್ದು ಕರೆಂಟು. ಒಂದು ದಿನ ರೆಕಾರ್ಡಿಂಗ್ ಮುಕ್ಕಾಲು ಮುಗಿದಾಗ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಫೈಲ್ ಇದೆ, ಗಾತ್ರವೂ ಇದೆ, ಆದರೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಾನು ಕಂಪ್ಯೂಟರ್ ಹೇಳಿಕೊಟ್ಟಿದ್ದ ಸರ್ ಹತ್ತಿರ ಕೇಳಿಕೊಂಡು ಬಂದೆ. ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿಯನ್ನು ರೆಕಾರ್ಡಿಂಗ್ ಮುಗಿದ ಮೇಲೆ ಕೊನೆಯಲ್ಲಿ ಬರೆಯುತ್ತದಂತೆ, ಅದನ್ನು ಬರೆಯುವ ಮುಂಚೆಯೇ ಕರೆಂಟ್ ಹೋಗಿದೆ, ಆ ಪಟ್ಟಿಯೇ ಇಂಡೆಕ್ಸು ಅಂತ ಹೇಳಿದೆ. ಮಾವ ತೊಡೆ ತಟ್ಟಿಕೊಂಡರು.

"ಅಯ್ಯೋ, ಇದು ನಮ್ಮ ಕಾರ್ಡಿನ ನಂಬರ್ರೇ ಕಣಮ್ಮ! ಕಾರ್ಡೆಲ್ಲ ಹೊಡೆದಾಗಿದೆ, ನಂಬರ್ ಹಾಕಿಲ್ಲ. ಇನ್ನು ಮಗ್ಗ ಹೆಂಗೆ ಓಡ್ಬೇಕು?"

ಆಮೇಲೆ ಅವರಿಗೆ ಅದರಲ್ಲಿ ನನಗಿಂತ ಹೆಚ್ಚು ತಿಳಿಯಿತು. ವಿಡಿಯೋದಲ್ಲಿ ಎಲ್ಲ ಚಿತ್ರಗಳೂ ಪೂರ್ತಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ, ನಡುವೆ ಏನೇನು ಬದಲಾಯಿತು ಅನ್ನುವ ಲೆಕ್ಕ ಮಾತ್ರ. ಕತ್ತರಿ ಹಾಕುವುದಾದರೆ ಪೂರ್ತಿ ಚಿತ್ರ ಇರುವ ಜಾಗದಲ್ಲೇ ಹಾಕಬೇಕು. ಆ ಜಾಗ ಎಲ್ಲಿದೆ ಅಂತ ತೋರಿಸುವುದು ಇಂಡೆಕ್ಸ್ ಫೈಲು. ಟಿವಿಯಿಂದ ಹಿಡಿದ ರೆಕಾರ್ಡಿಂಗ್ ಸಿಡಿಯಲ್ಲಿ ಹಿಡಿಸದಷ್ಟು ದೊಡ್ಡದಿರುತ್ತಿತ್ತು. ಹಾಗಾಗಿ ಅದನ್ನು ಬೇರೆ ರೀತಿಯಲ್ಲಿ ಮತ್ತೆ ಬರೆಸಿ ಸಣ್ಣದು ಮಾಡಬೇಕು. ಹಾಗೆ ಸಣ್ಣದು ಮಾಡಿದಾಗಲೆಲ್ಲ ಕತ್ತರಿಸುವ ಪ್ರೋಗ್ರಾಮು "ಹೊಸ ಇಂಡೆಕ್ಸ್ ಬೇಕು" ಅಂತ ಕೂತುಬಿಡುತ್ತಿತ್ತು. ಆ ಹಳೇ ಕಂಪ್ಯೂಟರಿನಲ್ಲಿ ಅದಕ್ಕೇ ಅರ್ಧ ಗಂಟೆ. ಮಾವನಿಗೆ ಇದು ಶುದ್ಧ ದಡ್ಡತನ ಅನ್ನಿಸುತ್ತಿತ್ತು.

"ಡಿಸೈನ್ ಅದೇ ತಾನೆ? ನೂಲು ಮಾತ್ರ ಸಣ್ಣದಾಯ್ತು. ದಪ್ಪ ನೂಲಿಗೆ ಹೊಡೆದ ಕಾರ್ಡನ್ನೇ ಸಣ್ಣ ನೂಲಿಗೂ ಹಾಕ್ತೀವಪ್ಪ ನಾವು. ನವಿಲು ಒಂಚೂರು ಚಿಕ್ಕದು ಬರ್ತದೆ, ನವಿಲೇ ತಾನೆ ಬರೋದು? ಇನ್ನೊಂದ್ ಸಲ ಕಾರ್ಡ್ ಹೊಡಿ ಅಂದ್ರೆ ಏನರ್ಥ?"

ನಾನು ನಕ್ಕುಬಿಟ್ಟೆ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಗಲೇ ಹೋಗಿ ಯಾರನ್ನಾದರೂ ಕೇಳಿದ್ದರೆ…

ಅಮ್ಮನ ತವರು ದೇವನಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿ. ವಿಮಾನ ನಿಲ್ದಾಣಕ್ಕೆ ಹೋದ ಊರು. ಊರು ಬಿಡುವ ದಿನ ಗೊತ್ತಾದಾಗ ಅಜ್ಜಿ ಅಮ್ಮನಿಗೆ ಹೇಳಿಕಳಿಸಿದ್ದರು, ನಾಲ್ಕು ದಿನ ಬಂದು ಜೊತೆಗಿರು, ಮನೆ ಕೊನೇ ಸಲ ನೋಡಿಕೊಂಡು ಹೋಗು ಅಂತ. ಬರ್ತೀನಿ ಅಂತ ಅಮ್ಮ ಹೇಳಿಕಳಿಸಿದಳು. ಆದರೆ ಮದುವೆಗಳ ಕಾಲ, ಮಗ್ಗದ ಮೇಲೆ ಕೊಡಬೇಕಾದ ಸೀರೆ ಇತ್ತು. ಇವತ್ತು ನಾಳೆ ಅನ್ನುತ್ತಾ ಹೋಗಲೇ ಇಲ್ಲ. ಅಜ್ಜಿ ಊರವರಿಗೆ ಕೊಟ್ಟ ಹೊಸ ಬಡಾವಣೆಯ ಮನೆಗೆ ಬಂದ ನಾಲ್ಕನೇ ದಿನ ಬಿದ್ದರು. ಮಾತು ನಿಂತಿತು. ಅಮ್ಮ ಓಡಿಹೋದಾಗ ಅಜ್ಜಿ ಕಣ್ಣು ಬಿಟ್ಟು ನೋಡಿದರಂತೆ, ಅಷ್ಟೇ. ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ಊರು ಬಿಡುವ ಮುಂಚೆ ಒಂದು ಟಿವಿ ಚಾನೆಲ್ಲಿನವರು ಅಲ್ಲಿಗೆ ಬಂದು ಹಳಬರನ್ನೆಲ್ಲ ಮಾತಾಡಿಸಿಕೊಂಡು ಹೋಗಿದ್ದರು. ಆ ಕಾರ್ಯಕ್ರಮ ಟಿವಿಯಲ್ಲಿ ಬಂದದ್ದು ಅಜ್ಜಿಯ ತಿಥಿಯ ದಿನ. ನಾವೆಲ್ಲ ಬಡಾವಣೆಯ ಆ ಹೊಸ ಮನೆಯಲ್ಲಿದ್ದೆವು, ಅಲ್ಲಿಗೆ ಇನ್ನೂ ಕೇಬಲ್ ಬಂದಿರಲಿಲ್ಲ. ದೊಡ್ಡಬಳ್ಳಾಪುರಕ್ಕೆ ವಾಪಸಾದರೆ ಬೀದಿಯವರದೆಲ್ಲ ಅಮ್ಮನ ಹತ್ತಿರ ಅದೇ ಮಾತು. ನಿಮ್ಮಮ್ಮ ಟಿವಿಯಲ್ಲಿ ಬಂದಿದ್ರು, ನಿನ್ನ ಹೆಸರು ಹೇಳಿದ್ರು. ಏನು ಹೇಳಿದರು ಅಂದರೆ ಒಬ್ಬೊಬ್ಬರದು ಒಂದೊಂದು. ಮಗಳನ್ನ ನೆನೆಸ್ಕೊಂಡು ಅತ್ಲು ಅಂತ ಹೂವಿನವಳು. ಬೇಜಾರು ಮಾಡ್ಕೊಂಡಂಗಿತ್ತಪ್ಪ ಅಂತ ಮೂಲೆಮನೆಯವರು. ಇಲ್ಲ ಇಲ್ಲ, ನಗ್ತಾನೇ ಇದ್ರು ಅಂತ ಇನ್ನೊಬ್ಬರು. ಅಮ್ಮ ಎಲ್ಲರ ಮುಖವನ್ನೂ ನೋಡುತ್ತಾ ನಿಂತಿದ್ದಳು. ನಾನು ಹೋಗಲಿಲ್ಲ ಅಂತ ನನ್ನಮ್ಮ ಮನಸ್ಸಿನಲ್ಲಿ ನೋವಿಟ್ಟುಕೊಂಡೇ ಹೋದಳಾ ಅನ್ನುವ ಒಂದೇ ಪ್ರಶ್ನೆ ಅವಳಿಗಿದ್ದದ್ದು.

ಮಾವ ಆ ಕಾರ್ಯಕ್ರಮ ಬರುವುದನ್ನು ಮೊದಲೇ ನೋಡಿ ರೆಕಾರ್ಡಿಂಗಿಗೆ ಟೈಮರ್ ಇಟ್ಟಿದ್ದರು. ಅಮ್ಮ ಚೀಲ ಕೆಳಗಿಡುವ ಮುಂಚೆಯೇ ಎದುರುಮನೆಗೆ ಹೋದಳು.

"ಇದೆ ಕಣಮ್ಮ, ಭದ್ರವಾಗಿದೆ. ಇವತ್ತೊಂದಿನ ಇರು. ತಾಯಿ ಮಾತಾಡೋವಾಗ ಮಧ್ಯೆ ಸೋಪು ಗೀಪು ಬರಬಾರದು. ಎಲ್ಲ ತೆಗೆದು, ಅಚ್ಚುಕಟ್ಟಾಗಿ ಮಾಡಿಕೊಡ್ತೀನಿ" ಅಂದರು.

ಇದ್ದ ಹಾಗೇ ತೋರಿಸಿಬಿಡಿ ಅಂತ ಅಮ್ಮ ಹೇಳಲಿಲ್ಲ. ಅವಳಿಗೂ ಸ್ವಲ್ಪ ಹೆದರಿಕೆ ಇತ್ತೇನೋ, ಒಂದು ದಿನ ಮುಂದೆ ಹೋದರೆ ಹೋಗಲಿ ಅಂತ. ಆಗ ಹಾಗೆ ಅನ್ನಿಸಿರಲಿಲ್ಲ, ಈಗ ಅನ್ನಿಸುತ್ತದೆ.

ಮಾರನೆಯ ದಿನ ಅಮ್ಮ ಬೆಳಗಿನಿಂದ ಮೂರು ಸಲ ಅವರ ಬಾಗಿಲಲ್ಲಿ ನಿಂತು ಬಂದಳಂತೆ. ಮಾವ ಜಾಹೀರಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದನ್ನು ದೊಡ್ಡ ಫೈಲಿನಲ್ಲೇ ಗುರುತು ಮಾಡಿಕೊಂಡಿದ್ದರು. ಅದನ್ನು ಸಣ್ಣದು ಮಾಡುವುದೂ ಮುಗಿದಿತ್ತು. ಹೊಸ ಇಂಡೆಕ್ಸ್ ಮಾಡಲು ಕೂತರೆ ಅರ್ಧ ಗಂಟೆ, ಎರಡು ಗಂಟೆಗೆ ಕರೆಂಟ್ ಹೋಗುವುದು ಖಾಯಂ. ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಾಳೆ. ಮಾವ ದೊಡ್ಡ ಫೈಲಿನ ಹಳೇ ಇಂಡೆಕ್ಸನ್ನೇ ಹೆಸರು ಬದಲಾಯಿಸಿ ಸಣ್ಣ ಫೈಲಿಗೆ ಕಟ್ಟಿದರು. ದಪ್ಪ ನೂಲಿನ ಕಾರ್ಡು ಸಣ್ಣ ನೂಲಿಗೆ. ಪ್ರೋಗ್ರಾಮು ಅದನ್ನು ನಂಬಿತು. ಕತ್ತರಿಸಿತು. ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಸೀರಿಯಲ್ಲಿನ ಹೊತ್ತು ಬೇರೆ ಹತ್ತಿರ ಬಂದಿತ್ತು. ದೊಡ್ಡ ಫೈಲು, ಸಣ್ಣ ಫೈಲು ಎರಡನ್ನೂ ಅಳಿಸಿದರು.

ಒಂದು ಸಲ ಹಾಕಿ ನೋಡಬಾರದಿತ್ತೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ, ಅದೂ ಬಾಯಿಗೆ ಬಂದ ಹಾಗೆ. ಅವರು ಬೇಕೆಂದೇ ನೋಡಿರಲಿಲ್ಲ. ಸತ್ತ ತಾಯಿ ಮಗಳಿಗೆ ಹೇಳಿದ ಮಾತು, ಅದನ್ನು ಮೊದಲು ಮಗಳು ಕೇಳಬೇಕು, ನಡುವೆ ನಾನ್ಯಾಕೆ ಕೇಳಲಿ ಅನ್ನುವುದು ಅವರ ಲೆಕ್ಕ. ಗುರುತು ಮಾಡುವಾಗಲೂ ಸ್ಪೀಕರ್ ಬಂದ್ ಮಾಡಿ, ಜಾಹೀರಾತಿನ ತುದಿಗಳನ್ನಷ್ಟೇ ನೋಡಿದ್ದರು.

ಹಾಗಾಗಿ ಸಿಡಿಯನ್ನು ಮೊದಲು ನೋಡಿದ್ದು ನಮ್ಮ ಮನೆಯಲ್ಲಿ, ಎಲ್ಲರೂ ಕೂತು. ಮಾವ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಊರ ದಾರಿ ಬಂತು, ಬಾವಿ ಬಂತು, ಅಮ್ಮನ ತವರುಮನೆಯ ನೀಲಿ ಬಾಗಿಲು ಬಂತು. ಬಾಗಿಲಲ್ಲಿ ಅಜ್ಜಿ. "ನಾನ್ ಮದ್ವೆಯಾಗಿ ಈ ಮನೇಗ್ ಬಂದಾಗ…" ಅಂತ ಬಾಯಿ ತೆರೆದರು. ಚಿತ್ರ ಕಲಸಿಹೋಯಿತು. ಅದರ ಹಿಂದೆಯೇ ಕೂದಲು ಬೀಸಿಕೊಂಡು ಒಬ್ಬಳು ಹುಡುಗಿ ಬಂದಳು, ಶಾಂಪೂ ಬಾಟಲಿ ಹಿಡಿದುಕೊಂಡು. ಆ ಜಾಹೀರಾತು ಒಂದು ಚೂರೂ ಕೆಡದೆ ಪೂರ್ತಿ ಇತ್ತು. ಅದು ಮುಗಿದಾಗ ಅಜ್ಜಿ ಇರಲಿಲ್ಲ, ಬೇರೆ ಯಾರೋ ಹೊಲದಲ್ಲಿ ನಿಂತು ಮಾತಾಡುತ್ತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ ಹಾಗೇ. "ಯಾರ್ ಮಾವ ನಿಮಗೆ ಕತ್ತರಿಸೋಕೆ ಹೇಳಿದ್ದು? ಶಾಂಪೂ ಇದ್ರೆ ಏನ್ ಮುಳುಗಿ ಹೋಗ್ತಿತ್ತು?" ಅಂತ ಕೂಗಿಬಿಟ್ಟೆ. ಮಾವ ಎದ್ದು ಹೋದರು. ಅವರು ಬೀದಿ ದಾಟುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಆ ಮಾತು ಆಡಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಎರಡು ದಿನ ಬಿಟ್ಟು ಮಾವ ಬೆಂಗಳೂರಿಗೆ ಬಸ್ ಹತ್ತಿ ಆ ಚಾನೆಲ್ಲಿನ ಕಚೇರಿ ಹುಡುಕಿಕೊಂಡು ಹೋದರು. ಗೇಟಿನಲ್ಲೇ ಕಳಿಸಿದರಂತೆ. ಮತ್ತೊಮ್ಮೆ ಹೋದರು, ಹೊರಗಿನವರಿಗೆ ಕೊಡುವುದಿಲ್ಲ ಅಂದರಂತೆ. ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದಿತ್ತು. ಮತ್ತೆ ನಮ್ಮ ಸರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಫೈಲನ್ನು ಸಣ್ಣದು ಮಾಡಿದರೆ ಒಳಗೆ ಎಲ್ಲವೂ ಹೊಸದಾಗಿ ಬರೆದಂತೆ, ಪೂರ್ತಿ ಚಿತ್ರಗಳೆಲ್ಲ ಬೇರೆ ಬೇರೆ ಜಾಗಕ್ಕೆ ಹೋಗಿರುತ್ತವೆ, ಹಳೇ ಇಂಡೆಕ್ಸು ಯಾವುದಕ್ಕೂ ಬಾರದು ಅಂತ ಅವರು ವಿವರಿಸಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಅಳಿಸಿದ್ದೇವೆ ಅಂದರೆ ಅಳಿದಿರುವುದಿಲ್ಲ. ಡಿಸ್ಕಿನ ಪಟ್ಟಿಯಿಂದ ಹೆಸರು ಹೊಡೆದು ಹಾಕಿರುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಸರಕು ಅಲ್ಲೇ ಬಿದ್ದಿರುತ್ತದೆ. ಮೊದಲು ಆ ಕಂಪ್ಯೂಟರ್ ಆರಿಸಿ.

ಮಾವ ಓಡಿಹೋಗಿ ಆರಿಸಿದರು. ಆದರೆ ಆಗಲೇ ನಾಲ್ಕೈದು ದಿನದ ಸೀರಿಯಲ್ಲು ಅದರ ಮೇಲೆ ಕೂತಿತ್ತು.

ಆವತ್ತಿನಿಂದ ರೆಕಾರ್ಡಿಂಗ್ ಬಂದ್. ಬೀದಿಯ ಹೆಂಗಸರು ಗೊಣಗಿದರು, ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಅಚ್ಚುಮೆಚ್ಚಿನ ಸೀರಿಯಲ್ಲಿನ ಮದುವೆ ತಪ್ಪಿಹೋಯಿತು, ಅವರೂ ಒಂದು ಮಾತು ಆಡಲಿಲ್ಲ. ಸರ್ ಕೊಟ್ಟ ಪ್ರೋಗ್ರಾಮೊಂದನ್ನು ಹಾಕಿದರೆ ಅದು ಡಿಸ್ಕನ್ನೆಲ್ಲ ಕೆದಕಿ ಸಾವಿರಾರು ಚೂರುಗಳನ್ನು ಇನ್ನೊಂದು ಡಿಸ್ಕಿಗೆ ತಂದು ಸುರಿಯಿತು. ಹೆಸರಿಲ್ಲ, ಕ್ರಮವಿಲ್ಲ. ಒಂದನ್ನು ತೆಗೆದರೆ ಮೂರು ಸೆಕೆಂಡ್ ಅಡುಗೆ ಕಾರ್ಯಕ್ರಮ, ಇನ್ನೊಂದನ್ನು ತೆಗೆದರೆ ಯಾರದೋ ಕಣ್ಣೀರು. ಮಾವ ಪ್ರತಿದಿನ ಮಧ್ಯಾಹ್ನ ಕೂತು ಒಂದೊಂದನ್ನೇ ತೆರೆದು, ನೋಡಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಶಿಫ್ಟ್ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಊಟ ಮಾಡೇಳಿ ಅಂತ ಅತ್ತೆ ಕರೆದರೆ "ಇನ್ನೊಂದೇ" ಅನ್ನುತ್ತಿದ್ದರು. ಅವರ ಕಣ್ಣು ಕೆಂಪಾಗಿ, ಮುಖ ಇಳಿದುಹೋಗಿತ್ತು. ಅಮ್ಮ ಒಂದೆರಡು ಸಲ ಹೋಗಿ "ಹೋಗ್ಲಿ ಬಿಡಣ್ಣ, ನನ್ ಹಣೇಲಿ ಇರಲಿಲ್ಲ ಅಂದ್ಕೋತೀನಿ" ಅಂದಳು. ಅವರು ತಲೆ ಎತ್ತಲಿಲ್ಲ.

ಒಂದೂವರೆ ತಿಂಗಳು ಕಳೆದಿರಬೇಕು. ನಾನು ಕೆಲಸದಿಂದ ಬರುವಾಗ ಮಾವ ಬೀದಿಯ ತುದಿಯಲ್ಲೇ ಕಾಯುತ್ತಿದ್ದರು. "ಸಿಕ್ತು ಕಣಮ್ಮ" ಅಂದರು, ಅಂದವರೇ ಮನೆ ಕಡೆ ದಾಪುಗಾಲು ಹಾಕಿದರು.

ಸಿಕ್ಕಿದ್ದು ಐದು ತುಂಡು. ಒಂದರಲ್ಲಿ ಅಜ್ಜಿ, ಮದುವೆಯಾಗಿ ಬಂದಾಗ ಹುಣಸೆಮರ ನನ್ನ ಮೊಣಕಾಲುದ್ದ ಇತ್ತು ಅನ್ನುತ್ತಾರೆ. ಇನ್ನೊಂದರಲ್ಲಿ ಆ ಬಾವಿಯ ನೀರು ಸಕ್ಕರೆ ಇದ್ದ ಹಾಗೆ ಅನ್ನುತ್ತಾರೆ. ಒಂದು ತುಂಡಿನಲ್ಲಿ ಮಾತಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಂದರಲ್ಲಿ "ನನ್ ಮಗ್ಳು ದೊಡ್‌ಬಳ್ಳಾಪುರ್ದಾಗವ್ಳೆ. ಬತ್ತೀನಿ ಅಂದಿದ್ಲು. ಬರ್ನಿಲ್ಲ" ಅನ್ನುತ್ತಾರೆ. ಇನ್ನೊಂದರಲ್ಲಿ "ಒಳ್ಳೇದೇ ಆಯ್ತು ಬುಡಪ್ಪ, ಈ ವಯಸ್ನಾಗೆ ಇನ್ನೆಷ್ಟ್ ಒದ್ದಾಡಾದು" ಅಂದು ನಗುತ್ತಾರೆ. ಇಷ್ಟೇ. ನಡುನಡುವಿನದು ಸೀರಿಯಲ್ಲಿನ ಕೆಳಗೆ ಹೂತುಹೋಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ಇಂಡೆಕ್ಸೂ ಇಲ್ಲ, ಏನೂ ಇಲ್ಲ.

ಮಾವ ಅಮ್ಮನನ್ನು ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. "ನಿಮ್ಮಮ್ಮ ಹೆಂಗೆ ಮಾತಾಡ್ತಿದ್ರು ಅಂತ ನಿಂಗೇ ಗೊತ್ತು. ನೀನೇ ಹೇಳು, ಯಾವುದಾದ ಮೇಲೆ ಯಾವುದು ಅಂತ. ನಾನು ಹಂಗೇ ಹೆಣೀತೀನಿ" ಅಂದರು.

ಅಮ್ಮ ಐದನ್ನೂ ಎಷ್ಟು ಸಲ ಹಾಕಿಸಿಕೊಂಡಳೋ. ಅತ್ತೆ ಕಾಫಿ ತಂದಿಟ್ಟರು, ಅದು ಆರಿಹೋಯಿತು. ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಒಂದೊಂದಾಗಿ ಹೇಳಿದಳು. ಮೊದಲು ಹುಣಸೆಮರ. ಆಮೇಲೆ ಬಾವಿ. ಆಮೇಲೆ ಕಣ್ಣೊರೆಸಿಕೊಳ್ಳುವುದು, ಊರು ಬಿಡಬೇಕಲ್ಲ ಅಂತ. ಆಮೇಲೆ ಮಗಳು ಬರಲಿಲ್ಲ ಅಂದದ್ದು. ಕೊನೆಗೆ, ಒಳ್ಳೇದೇ ಆಯ್ತು ಬುಡಪ್ಪ.

"ನಾನು ಬರದೇ ಇದ್ದಿದ್ದು ಒಳ್ಳೇದೇ ಆಯ್ತು ಅಂತಾವಳೆ ಅಣ್ಣ. ನಾನು ಬಂದಿದ್ರೆ ಅವ್ಳಿಗೆ ಮನೆ ಬಿಡೋಕೆ ಇನ್ನೂ ಕಷ್ಟ ಆಗ್ತಿತ್ತು" ಅಂದಳು ಅಮ್ಮ.

ಮಾವ ತಲೆಯಾಡಿಸಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು.

ನಾನು ಮಾತ್ರ ಚಿತ್ರದ ಕೆಳಗೆ ಓಡುತ್ತಿದ್ದ ಅಕ್ಷರಗಳನ್ನು ನೋಡುತ್ತಿದ್ದೆ. ಚಾನೆಲ್ಲಿನವರು ಕೆಳಗೊಂದು ಸುದ್ದಿಯ ಸಾಲು ಓಡಿಸುತ್ತಾರಲ್ಲ, ಅದು. ಬಾವಿಯ ತುಂಡು ಮುಗಿಯುವಾಗ ಎಲ್ಲೋ ಬಸ್ ಮಗುಚಿದ ಸುದ್ದಿಯ ಅರ್ಧ ಕಾಣುತ್ತಿತ್ತು. ಅದರ ಉಳಿದರ್ಧ ಇದ್ದದ್ದು ಒಳ್ಳೇದೇ ಆಯ್ತು ಅನ್ನುವ ತುಂಡಿನಲ್ಲಿ. ಮಗಳು ಬರಲಿಲ್ಲ ಅನ್ನುವುದು ಬಸ್ಸಿನ ಸುದ್ದಿ ಮುಗಿದ ಮೇಲೆ ಶುರುವಾಗುವ ಇನ್ನೊಂದು ಸುದ್ದಿಯ ಮೇಲೆ. ಅದೇ ಸುದ್ದಿಯ ಬಾಲ ಕಣ್ಣೊರೆಸಿಕೊಳ್ಳುವ ತುಂಡಿನಲ್ಲಿ. ಒಳ್ಳೇದೇ ಆಯ್ತು ಅಂದದ್ದು ಇನ್ನು ಬಾವಿಯಿಂದ ನೀರು ಸೇದುವ ಕಷ್ಟವಿಲ್ಲ ಅಂತ. ಮಗಳು ಬರಲಿಲ್ಲ ಅಂದದ್ದು ಆಮೇಲೆ. ಅಂದು, ಅತ್ತರು. ಅಲ್ಲಿಗೆ ಮುಗಿಯಿತು.

ಅಮ್ಮ ಎದ್ದುಹೋದ ಮೇಲೆ ಮಾವನಿಗೆ ಪರದೆಯ ಕೆಳಭಾಗವನ್ನು ಬೆರಳಿಟ್ಟು ತೋರಿಸಿದೆ.

"ಗೊತ್ತು ಕಣಮ್ಮ" ಅಂದರು. ನೋಟ್‌ಬುಕ್ ತಿರುಗಿಸಿ ತೋರಿಸಿದರು. ಸರಿಯಾದ ಕ್ರಮ ಆಗಲೇ ಅಲ್ಲಿತ್ತು, ಅವರ ಗುಂಡಗಿನ ಅಕ್ಷರದಲ್ಲಿ, ನಂಬರ್ ಹಾಕಿ. ಆ ಹಾಳೆಯನ್ನು ಹರಿದು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಅಮ್ಮ ಹೇಳಿದ ಹಾಗೆಯೇ ಐದು ತುಂಡನ್ನು ಸೇರಿಸಿ ಸಿಡಿ ಮಾಡಿದರು. ಜೀವಮಾನದಲ್ಲಿ ಒಂದು ಕಾರ್ಡನ್ನೂ ತಪ್ಪಾಗಿ ಹೆಣೆಯದಿದ್ದ ಮನುಷ್ಯ… ನನಗೆ ಅವರ ಮೇಲೆ ಆವತ್ತು ಬಂದಷ್ಟು ಪ್ರೀತಿ ಮತ್ಯಾವತ್ತೂ ಬಂದಿಲ್ಲ.

ಅದಾದ ಮೇಲೆ ಅಮ್ಮ ಚೇತರಿಸಿಕೊಂಡಳು. ವರ್ಷಕ್ಕೊಮ್ಮೆ ಅಜ್ಜಿಯ ತಿಥಿಯ ದಿನ ಸಿಡಿ ಹಾಕಿಸಿಕೊಂಡು ನೋಡುತ್ತಿದ್ದಳು. ಮಾವ ರೆಕಾರ್ಡಿಂಗನ್ನು ಮತ್ತೆ ಶುರು ಮಾಡಿದರು, ಆದರೆ ಹೊಸ ಇಂಡೆಕ್ಸ್ ಆಗುವ ತನಕ ಕೈ ಕಟ್ಟಿಕೊಂಡು ಕೂರುತ್ತಿದ್ದರು, ದೇವರ ಮುಂದೆ ಕೂತವರ ಹಾಗೆ. ನಾನು ರೇಗಿಸಿದರೆ ನಗುತ್ತಿದ್ದರು. ಆಗಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು, ಅಮ್ಮ ಆ ಸಿಡಿ ನೋಡ್ತಾಳಾ ಅಂತ. ನೋಡ್ತಾಳೆ ಮಾವ ಅಂದರೆ ಮತ್ತೆ ಕಂಪ್ಯೂಟರಿನ ಕಡೆ ತಿರುಗುತ್ತಿದ್ದರು.

ವಿಮಾನಗಳು ನಮ್ಮ ತಲೆಯ ಮೇಲೆ ಹಾರಲು ಶುರುವಾದ ಎರಡೋ ಮೂರೋ ವರ್ಷಕ್ಕೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೋದಾಗ ನನ್ನ ಕೈ ಹಿಡಿದುಕೊಂಡು ನಿಧಾನಕ್ಕೆ ಕೇಳಿದರು. "ನಿಮ್ಮಮ್ಮನಿಗೆ ನಾನು ಮೋಸ ಮಾಡಿದೀನಿ ಅನ್ನಿಸ್ತದೆ ಕಣಮ್ಮ. ಗೊತ್ತಿದ್ದೂ ತಪ್ಪು ಹೆಣೆದೆ. ಹೇಳ್ಬಿಡಲಾ?"

ನಾನು ಬೇಡ ಅಂದೆ. ಈಗ್ಯಾಕೆ ಮಾವ, ಅವಳು ನೆಮ್ಮದಿಯಾಗಿದ್ದಾಳೆ, ಸುಮ್ಮನಿರಿ ಅಂದೆ. ಅವರು ಸುಮ್ಮನಾದರು. ವಾರದೊಳಗೆ ಹೋಗಿಬಿಟ್ಟರು.

ಗುಜರಿ ಅಂಗಡಿಯಿಂದ ಬಂದ ದಿನ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಅಮ್ಮ ಈಗ ನನ್ನ ಜೊತೆಗಿದ್ದಾಳೆ, ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಆ ತುಂಡುಗಳನ್ನು ನಾನು ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡಿದ್ದೆ. ಹಾಕು, ನೋಡೋಣ ಅಂದಳು. ದೊಡ್ಡ ಟಿವಿಯಲ್ಲಿ ಕೆಳಗಿನ ಸುದ್ದಿಯ ಅಕ್ಷರಗಳು ದಪ್ಪದಪ್ಪಗೆ ಓಡತೊಡಗಿದವು. ಅವಳು ಓದಿಬಿಟ್ಟರೆ ಅಂತ ಗಾಬರಿಯಾಗಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಅಂತ ಕೇಳಿದಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಾಕಾಗಿತ್ತೋ ಏನೋ, ಎಲ್ಲವನ್ನೂ ಹೇಳಿಬಿಟ್ಟೆ. ಮಾವನಿಗೆ ಗೊತ್ತಿದ್ದದ್ದು, ಹಾಳೆ ಹರಿದದ್ದು, ಎಲ್ಲ.

ಅಮ್ಮ ನನ್ನನ್ನೇ ನೋಡಿದಳು. ಸಣ್ಣಗೆ ನಕ್ಕಳು.

"ನಮ್ಮಮ್ಮ ಯಾವ್ ಮಾತಾದ್ಮೇಲೆ ಯಾವ್ ಮಾತಾಡ್ತಾಳೆ ಅಂತ ನಂಗೆ ಗೊತ್ತಿಲ್ವೇನೇ? ಮೊದಲ್ನೇ ಸಲ ಕೇಳ್ದಾಗ್ಲೇ ಗೊತ್ತಾಯ್ತು. ಬರ್ನಿಲ್ಲ ಅಂದಿದ್ದು ನಿಜಾನೇ ತಾನೆ, ನಾನ್ ಹೋಗ್ಲಿಲ್ಲ. ಅದು ನಂದು, ನಾನು ಹೊತ್ಕೋತೀನಿ. ಆದ್ರೆ ಆವಯ್ಯ ಅನ್ನ ಬಿಟ್ಟು ಕೂತಿದ್ನಲ್ಲ, ಇನ್ನೆಷ್ಟು ದಿನ ಹಂಗೆ ಕೂತಿರ್ತಿದ್ನೋ. ಅದುಕ್ಕೇ ಹಂಗೆ ಜೋಡಿಸು ಅಂದೆ."

ಅಮ್ಮ ಮಂಡಿ ನೀವಿಕೊಳ್ಳುತ್ತಾ, "ಪಾಪ, ಅಣ್ಣಂಗೂ ಗೊತ್ತಿತ್ತಾ? ಒಂದ್ ಮಾತು ನನ್ ಹತ್ರ ಅನ್ನಬಾರದಿತ್ತಾ?" ಅಂದಳು.

ಅವರು ಅನ್ನುತ್ತೇನೆ ಅಂದಿದ್ದರು. ಬೇಡ ಅಂದವಳು ನಾನು. ಅದನ್ನು ಮಾತ್ರ ಅಮ್ಮನಿಗೆ ಇನ್ನೂ ಹೇಳಿಲ್ಲ.